ಕಂಪ್ಯೂಟರ್ ಇರಲಿ ಸಾಹೇಬ್ರ, ಎಲುಬು ಯಾವುದರದು?

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ತಿಕೋಟಾ ಕಡೆಯ ನಮ್ಮ ಕಾಕಾಗೆ ಈ ವರ್ಷ ಒಣದ್ರಾಕ್ಷಿ ರೊಕ್ಕ ಕೈಗೆ ಬಂತು. ಮತ್ತೆ ಕಡಕ್ ರೊಟ್ಟಿ ಕಡಿಯುವ ಆಸೆಯಿಂದ ವಿಜಯಪುರಕ್ಕೆ ಹೋದರು. ಅಲ್ಲೊಂದು ದವಾಖಾನೆಯಲ್ಲಿ ಅವರ ದವಡೆಯನ್ನೇ ಪರದೆ ಮೇಲೆ ತಿರುಗಿಸಿ ತೋರಿಸಿ, "ಎಲುಬು ಸವದೈತಿ. ಕಂಪ್ಯೂಟರ್ ಹಚ್ಚಿ ಎಲುಬು ಕೂಡಸ್ತೀವಿ, ಆಮ್ಯಾಲೆ ಇಂಪ್ಲಾಂಟ್ ಹಾಕ್ತೀವಿ" ಅಂದರು. ಹೇಳಿದ ಖರ್ಚು ಒಂದು ಜೋಡಿ ಎತ್ತಿನ ಬೆಲೆಗಿಂತ ಹೆಚ್ಚು.

"ನೀವೇನ್ ಕೇಳಿದ್ರಿ ಕಾಕಾ?" ಅಂದೆ.

"ಕಂಪ್ಯೂಟರ್‌ನಾಗ ಬಂದೈತಿ, ನಾ ಏನ್ ಕೇಳ್ಲೋ?"

ನನ್ನ ಸಿಟ್ಟು ಇರುವುದು ಇಲ್ಲೇ. ಕಂಪ್ಯೂಟರ್ ಅಂದ ಕೂಡಲೇ ನಮ್ಮವರ ಬಾಯಿ ಮುಚ್ಚುತ್ತದೆ, ಕಿಸೆ ತೆರೆಯುತ್ತದೆ.

ವಿದ್ಯೆ ಸುಳ್ಳಲ್ಲ. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲೇ ಮನುಷ್ಯನ ದವಡೆಗೆ ಟೈಟಾನಿಯಂ ಸ್ಕ್ರೂ ಕೂಡಿಸಿ ಹಲ್ಲು ಹಾಕಿದರು. ಸ್ಕ್ರೂ ನಿಲ್ಲಲು ಎಲುಬು ಬೇಕು, ಅದೂ ನಿಜ. ಸಿಬಿಸಿಟಿ ಸ್ಕ್ಯಾನ್‌ನಲ್ಲಿ ಎಲುಬಿನ ಎತ್ತರ, ಅಗಲ, ಕೆಳದವಡೆಯ ನರ ಹಾಯುವ ದಾರಿ ಎಲ್ಲ ಕಾಣುತ್ತದೆ. ಅದನ್ನು ನೋಡಿ ಎಲ್ಲಿ ಎಷ್ಟು ಎಲುಬು ತುಂಬಬೇಕು ಎಂದು ಲೆಕ್ಕ ಹಾಕಬಹುದು, ಎಲ್ಲಿ ಕೊರೆಯಬೇಕು ಎಂಬ ಅಚ್ಚನ್ನು 3ಡಿ ಪ್ರಿಂಟರ್‌ನಲ್ಲಿ ತೆಗೆಯಬಹುದು. ತಪ್ಪು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಸುಮಾರು ಒಂದು ಮಿಲಿಮೀಟರ್ ಹಿಂದೆ ಮುಂದೆ ಆಗಬಹುದು.

ಆದರೆ ತುಂಬಿದ್ದು ಎಲುಬಾಗಿ ಬಲಿಯುವುದು ನಿಮ್ಮ ಮೈಯ ಕೆಲಸ. ಅದಕ್ಕೆ 4ರಿಂದ 9 ತಿಂಗಳು ಬೇಕು. ತಂಬಾಕು, ಬೀಡಿ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇದ್ದರೆ ಗಾಯ ಕೆಡಬಹುದು, ಸ್ಕ್ರೂ ಕಳಚಬಹುದು. ಇದನ್ನು ಯಾವ ಕಂಪ್ಯೂಟರೂ ತಡೆಯುವುದಿಲ್ಲ.

ಅದಕ್ಕೇ ಮೂರು ಪ್ರಶ್ನೆ ಕೇಳಿ.

ಒಂದು, ಎಲುಬು ಯಾವುದರದು? ನಿಮ್ಮದೇ ದವಡೆಯಿಂದಲೋ ಸೊಂಟದಿಂದಲೋ ತೆಗೆದದ್ದು ಇರಬಹುದು. ಸತ್ತವರು ದಾನ ಕೊಟ್ಟದ್ದಿರಬಹುದು. ದನದ ಅಥವಾ ಹಂದಿಯ ಎಲುಬನ್ನು ಶುದ್ಧ ಮಾಡಿದ ಪುಡಿ ಇರಬಹುದು. ಕಾರ್ಖಾನೆಯಲ್ಲಿ ತಯಾರಾದದ್ದೂ ಇದೆ. ವೈದ್ಯಕೀಯದಲ್ಲಿ ಇವೆಲ್ಲಕ್ಕೂ ಜಾಗ ಇದೆ. ಆದರೆ ಜೀವಮಾನವಿಡೀ ಮೊಟ್ಟೆ ಮುಟ್ಟದ ಮನೆಯವರ ಬಾಯಿಗೆ ಏನು ತುಂಬುತ್ತೀರಿ ಎಂದು ಹೇಳದೆ ಸಹಿ ಹಾಕಿಸುವುದು ಒಪ್ಪಿಗೆಯಲ್ಲ, ಮೋಸ.

ಎರಡು, ಎಲುಬು ಕೂಡಿಸದೆ ಆಗುವುದಿಲ್ಲವೇ? ಕೆಳಗಿನ ಹಲ್ಲು ಪೂರ್ತಿ ಹೋದವರಿಗೆ ಎರಡೇ ಇಂಪ್ಲಾಂಟ್ ಹಾಕಿ ಅದರ ಮೇಲೆ ಹಲ್ಲಿನ ಸೆಟ್ ಕೂಡಿಸುವುದೇ ಮೊದಲ ಆಯ್ಕೆಯಾಗಬೇಕು ಎಂದು 2002ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದ್ದರು. ಆ ಎರಡನ್ನು ಹಾಕುವುದು ದವಡೆಯ ಮುಂಭಾಗದಲ್ಲಿ. ಹಿಂದೆ ಸವೆದಿದ್ದರೂ ಅಲ್ಲಿ ಸಾಮಾನ್ಯವಾಗಿ ಎಲುಬು ಉಳಿದಿರುತ್ತದೆ. ಗಿಡ್ಡ ಇಂಪ್ಲಾಂಟ್‌ಗಳೂ ಇವೆ.

ಮೂರು, ಕೂಡಿಸಿದ್ದು ಹಿಡಿಯದಿದ್ದರೆ ರೊಕ್ಕದ ಗತಿ ಏನು? ಉತ್ತರ ಕನ್ನಡದಲ್ಲಿ, ಕಾಗದದ ಮೇಲೆ ಇರಲಿ.

"ಡಾಕ್ಟರಿಗೆ ಹಳ್ಳಿಯವ ಪ್ರಶ್ನೆ ಹಾಕೋದಾ?" ಅನ್ನುವವರಿದ್ದಾರೆ. ಹೋರಿ ಕೊಳ್ಳುವಾಗ ಹಲ್ಲು ಎಣಿಸಿ ನೋಡುತ್ತೇವೆ. ನಮ್ಮ ಬಾಯಿಯ ವಿಷಯಕ್ಕೆ ಸುಮ್ಮನಿರಬೇಕೇ? ಒಳ್ಳೆಯ ಡಾಕ್ಟರು ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಸಂಶಯ ಉಳಿದರೆ ಇನ್ನೊಬ್ಬರಿಗೆ ತೋರಿಸಿ. ವಿಜಯಪುರದಲ್ಲೇ ಅಲ್-ಅಮೀನ್ ಡೆಂಟಲ್ ಕಾಲೇಜು ಇದೆ, ತಿಕೋಟಾದಿಂದ ಬರುವ ಅಥಣಿ ರಸ್ತೆಯಲ್ಲೇ.

ದೊಡ್ಡ ತಪ್ಪು ಇನ್ನೂ ಹಿಂದೆ ಇದೆ. ಹಲ್ಲು ಕಿತ್ತ ಜಾಗದ ಎಲುಬಿನ ಅಗಲ ಒಂದೇ ವರ್ಷದಲ್ಲಿ ಅರ್ಧದಷ್ಟು ಕುಗ್ಗಬಹುದು, ಅದರಲ್ಲೂ ಹೆಚ್ಚಿನದು ಮೊದಲ ಮೂರು ತಿಂಗಳಲ್ಲೇ. ಬಬಲೇಶ್ವರದ ನಮ್ಮ ಚಿಗವ್ವ ಒಂದೊಂದಾಗಿ ಏಳು ಹಲ್ಲು ಕೀಳಿಸಿಕೊಂಡಳು. ಒಬ್ಬರೂ ಈ ಮಾತು ಹೇಳಲಿಲ್ಲ. ಹುಳುಕು ಸಣ್ಣದಿದ್ದಾಗ ತುಂಬಿಸಿದ್ದರೆ ಹಲ್ಲೂ ಉಳಿಯುತ್ತಿತ್ತು, ಎಲುಬೂ ಉಳಿಯುತ್ತಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಹಲ್ಲಿನ ಡಾಕ್ಟರೇ ಇರುವುದಿಲ್ಲ. ಬಡ ಹಿರಿಯರಿಗೆ ಪುಕ್ಕಟೆ ಸೆಟ್ ಕೊಡಲು ಸರ್ಕಾರ ದಂತ ಭಾಗ್ಯ ತಂದಿತು, ಒಳ್ಳೆಯದೇ. ಆದರೆ ಅದು ಹಲ್ಲು ಹೋದ ಮೇಲಿನ ಭಾಗ್ಯ. ತಿಕೋಟಾ, ಬಬಲೇಶ್ವರ ತಾಲೂಕಾದವು. ಬೋರ್ಡ್ ಬದಲಾದರೆ ಸಾಲದು, ಊರೂರಿಗೆ ಹಲ್ಲು ತಪಾಸಣೆ ಬರಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಕೇಳಿ.

ಕಾಕಾ ಇನ್ನೂ ರೊಕ್ಕ ಕಟ್ಟಿಲ್ಲ. ಸೋಮವಾರ ಮತ್ತೆ ಹೋಗುತ್ತೇವೆ, ಮೂರು ಪ್ರಶ್ನೆ ಬರೆದುಕೊಂಡು.