ಈ ಗಂಟು ಯಾರ ಕಡೆಯಿಂದ ಬಂತು?

ಎಕ್ಸ್‌ರೇ ನೋಡಿ ಡಾಕ್ಟರು ‘ಕ್ಯಾನ್ಸರ್ ಅಲ್ಲ, ಬರೀ ಮೂಳೆ ಗಂಟು’ ಅಂದ ಮೇಲೂ ಮನೆಯಲ್ಲಿ ಒಂದು ಪ್ರಶ್ನೆ ಉಳಿಯುತ್ತೆ: ಮಗುವಿಗೆ ಇದು ಯಾರ ಕಡೆಯಿಂದ ಬಂತು? ಕೇಳೋರು ಅತ್ತೆಯಾದರೆ ಉತ್ತರವೂ ರೆಡಿ. ಸೊಸೆ ಕಡೆಯಿಂದ!

ಒಂದೇ ಗಂಟಿದ್ದರೆ ಈ ಜಗಳವೇ ಬೇಡ. ಮೂಳೆಯ ಮೇಲೆ ಮೃದ್ವಸ್ಥಿಯ ಟೋಪಿ ಹಾಕಿಕೊಂಡು ಬೆಳೆಯುವ ಆಸ್ಟಿಯೊಕಾಂಡ್ರೋಮಾ ಹೆಚ್ಚಾಗಿ ಒಂಟಿಯಾಗಿಯೇ ಬರುತ್ತೆ, ವಂಶಕ್ಕೂ ಅದಕ್ಕೂ ನಂಟಿಲ್ಲ. ಹಲವು ಮೂಳೆಗಳಲ್ಲಿ ಗಂಟುಗಳಿದ್ದರೆ ಮಾತ್ರ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಇಎಕ್ಸ್‌ಟಿ1 ಅಥವಾ ಇಎಕ್ಸ್‌ಟಿ2 ಜೀನ್ ಕೆಟ್ಟಿರುತ್ತೆ. ಹೆಪರಾನ್ ಸಲ್ಫೇಟ್ ಅನ್ನೋ ಸಕ್ಕರೆ ಸರಪಳಿ ಕಟ್ಟೋದು ಇವುಗಳ ಕೆಲಸ. ಅದು ಸರಿಯಾಗಿ ಸಿಗದಿದ್ದರೆ ಮೂಳೆ ಬೆಳೆಯುವ ತುದಿಯ ಜೀವಕೋಶಗಳು ದಿಕ್ಕು ತಪ್ಪಿ ಪಕ್ಕಕ್ಕೆ ಬೆಳೀತವೆ. ತೊಂದರೆ ಅಪ್ಪನಿಗಿರಲಿ, ಅಮ್ಮನಿಗಿರಲಿ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಆದರೆ ಸುಮಾರು 10ರಲ್ಲಿ ಒಬ್ಬರಿಗೆ ಜೀನ್ ಹೊಸದಾಗಿ ಕೆಟ್ಟಿರುತ್ತೆ. ಎರಡೂ ಮನೆಯಲ್ಲಿ ಹುಡುಕಿದರೂ ಯಾರಿಗೂ ಇರಲ್ಲ.

ಮೂಳೆಯ ಒಳಗೇ ಮೃದ್ವಸ್ಥಿ ಗಂಟುಗಳಾಗುವ ಓಲಿಯೇ ಕಾಯಿಲೆ ಇನ್ನೂ ವಿಚಿತ್ರ. ಬಹಳಷ್ಟು ಜನರಲ್ಲಿ ಐಡಿಎಚ್1 ಅಥವಾ ಐಡಿಎಚ್2 ಜೀನ್ ಕೆಟ್ಟಿರುತ್ತೆ, ಅದೂ ಕೆಲವೇ ಜೀವಕೋಶಗಳಲ್ಲಿ, ಗರ್ಭ ನಿಂತ ಮೇಲೆ. ಅಪ್ಪ ಅಮ್ಮ ಕೊಟ್ಟಿದ್ದಲ್ಲವೇ ಅಲ್ಲ. ಜೆನೆಟಿಕ್ ಅಂದಕೂಡಲೇ ವಂಶದ್ದು ಅಂತ ಓದಿಕೊಳ್ಳೋದರಿಂದಲೇ ಎಷ್ಟೋ ಸೊಸೆಯಂದಿರು ಮಾತು ಕೇಳಬೇಕಾಗುತ್ತೆ.

ನಿಮಗೇ ಹಲವು ಗಂಟುಗಳಿದ್ದು ಮಗುವಿನ ಯೋಚನೆಯಲ್ಲಿದ್ದರೆ, ಮೊದಲೇ ಜೆನೆಟಿಕ್ ಕೌನ್ಸೆಲರ್ ಹತ್ತಿರ ಮಾತಾಡಿ. ಬೆಳವಣಿಗೆ ನಿಂತ ಮೇಲೂ ಗಂಟು ದೊಡ್ಡದಾದರೆ ಅಥವಾ ಹೊಸದಾಗಿ ನೋವು ಶುರುವಾದರೆ ಮೂಳೆ ಡಾಕ್ಟರಿಗೆ ತೋರಿಸೋಕೆ ತಡ ಮಾಡಬೇಡಿ. ಅಪರೂಪಕ್ಕೆ ಅದು ಕ್ಯಾನ್ಸರ್‌ಗೆ ತಿರುಗೋದುಂಟು.