ಮಾದಪ್ಪನ ಕಥೆಯಲ್ಲಿ ಒಲವಿಗೆ, ಹಬ್ಬಕ್ಕೆ ಎಷ್ಟು ಸಂಚಿಕೆ?

ಹಳೆಯ ಕಾಲದ ಕಥೆ ಹೇಳುವ ಧಾರಾವಾಹಿಗಳಿಗೆ ಪ್ರೇಮದ, ಹಬ್ಬದ ಸಂಚಿಕೆಗಳು ಬೇಕೆ? ತಲಕಾಡಿನ ಇಬ್ಬರು ವೀಕ್ಷಕರ ವಾದ.

ಪರ: ಒಲವು ಕಾಣದೆ ಸಂಕಮ್ಮನ ನೋವು ಕಾಣದು

2018ರಲ್ಲಿ ಜೀ ಕನ್ನಡದಲ್ಲಿ ಮಲೆ ಮಾದಪ್ಪನ ಕಥೆಯ ಧಾರಾವಾಹಿ ‘ಉಘೇ ಉಘೇ ಮಾದೇಶ್ವರ’ ಶುರುವಾದ ಮೇಲೆ ನಮ್ಮ ಬೀದಿಯಲ್ಲಿ ಒಂದೇ ತಕರಾರು: ಪವಾಡ ತೋರಿಸಲಿ, ಗಂಡ ಹೆಂಡಿರ ಮಾತು ಸಾಕು. ಹೀಗೆನ್ನುವವರು ಮಾದಪ್ಪನ ಕಾವ್ಯ ಹಾಡುವ ಕಂಸಾಳೆಯವರ ಬಾಯಲ್ಲಿ ಸಂಕಮ್ಮನ ಸಾಲನ್ನು ಒಮ್ಮೆ ಕೂತು ಕೇಳಲಿ. ಅದು ಪವಾಡದಿಂದ ಶುರುವಾಗುವುದಿಲ್ಲ, ಗುಡಿಸಲೊಳಗಿನ ಅನುಮಾನದಿಂದ ಶುರುವಾಗುತ್ತದೆ. ಕಾಡಿಗೆ ಹೊರಟ ಸೋಲಿಗರ ನೀಲಯ್ಯ ಹೆಂಡತಿ ಸಂಕಮ್ಮನ ನಡತೆಗೆ ಭಾಷೆ ಕೇಳುತ್ತಾನೆ. ಅವಳು ಕೊಡಲೊಲ್ಲಳು. ಆಮೇಲೆ ಅವನು ಕೊಡುವ ಹಿಂಸೆಯನ್ನು ಕೇಳುತ್ತ ಹೆಂಗಸರು ಈಗಲೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಮಾದಪ್ಪ ಬಂದು ಕಾಯುವುದು, ಅವನ ವರದಿಂದ ಕಾರಯ್ಯ, ಬಿಲ್ಲಯ್ಯ ಹುಟ್ಟುವುದು ಎಲ್ಲ ಅದಾದ ಮೇಲೆ. ಆ ಇಬ್ಬರೂ ಮೊದಲು ಹೇಗೆ ಬಾಳಿದ್ದರು, ಅವನು ಕಾಡಿನಿಂದ ಅವಳಿಗೆ ಏನು ತರುತ್ತಿದ್ದ, ಅವಳು ಯಾವ ಮಾತಿಗೆ ನಗುತ್ತಿದ್ದಳು ಎಂದು ನಾಲ್ಕು ಸಂಚಿಕೆ ತೋರಿಸದೆ ನೇರ ಭಾಷೆಯ ಹಟಕ್ಕೆ ಬಂದರೆ ಉಳಿಯುವುದು ಬರೀ ಹೊಡೆತ. ಒಲಿದ ಗಂಡನೇ ಹಾಗೆ ಮಾಡಿದನಲ್ಲ ಎಂಬ ಸಂಕಟ ನೋಡುವವರಿಗೆ ಎಲ್ಲಿಂದ ಬರಬೇಕು?

ಹಬ್ಬವೂ ಕಥೆಯ ಹೊರಗಿನದಲ್ಲ. ದೀಪಾವಳಿಗೆ ಮಾದಪ್ಪನ ಬೆಟ್ಟದಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಾಲರವಿ ಕಳಸ ಹೊತ್ತು ನಡೆಯುವುದನ್ನು ಕಂಡವರು ಹಾಗೆನ್ನಲಾರರು. ಇನ್ನು, ಕಥೆ ಎಳೆಯುತ್ತಾರೆ ಎಂಬ ದೂರು. ರಾತ್ರಿಯಿಡೀ ಹಾಡುವ ಕಾವ್ಯಕ್ಕೆ ಅರ್ಧ ಗಂಟೆ ಹೆಚ್ಚಾಯಿತೆ?

ವಿರೋಧ: ಕಥೆ ಮುಂದೆ ಸಾಗಲಿ

ಮೊದಲನೆಯದಾಗಿ, ಹಬ್ಬದ ‘ಮಹಾಸಂಚಿಕೆ’ ಹುಟ್ಟುವುದು ಕಥೆಯಿಂದಲ್ಲ, ಕ್ಯಾಲೆಂಡರಿನಿಂದ. ನಮ್ಮ ಮನೆಗೆ ಯುಗಾದಿ ಬಂದರೆ ತೆರೆಯ ಮೇಲೂ ಯುಗಾದಿ. ಕಥೆ ಇದ್ದಲ್ಲೇ ನಿಲ್ಲುತ್ತದೆ.

ಎರಡನೆಯದು ಉಡುಗೆ ತೊಡುಗೆ. ಪ್ರೇಮದ ಸಂಚಿಕೆ ಬಂದೊಡನೆ ಕಾಡಿನ ಹೆಣ್ಣಿಗೂ ಮದುವೆಮನೆಯ ಅಲಂಕಾರ.

ಮೂರನೆಯದು ನಮ್ಮೂರಿನದೇ. 1116ರ ಸುಮಾರಿಗೆ ಹೊಯ್ಸಳ ದೊರೆ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದು ‘ತಲಕಾಡುಗೊಂಡ’ ಎನಿಸಿಕೊಂಡ. ಕೀರ್ತಿನಾರಾಯಣನ ಗುಡಿ ಆ ಗೆಲುವಿನ ಗುರುತು. ನಾಳೆ ಯಾರಾದರೂ ಅವನ ಮೇಲೆ ಧಾರಾವಾಹಿ ಮಾಡಿದರೆ ಐವತ್ತು ಸಂಚಿಕೆ ಅವನ ರಾಣಿ ಶಾಂತಲೆಯ ನೃತ್ಯ, ಶೃಂಗಾರಕ್ಕೆ ಹೋಗಿ ತಲಕಾಡಿನ ಯುದ್ಧಕ್ಕೆ ಅರ್ಧ ಸಂಚಿಕೆ ಸಿಕ್ಕೀತು. ಇದನ್ನು ನಾನು ಒಪ್ಪುವುದಿಲ್ಲ. ಆದರೆ ನಾನು ಆ ಗುಡಿಯನ್ನು ಆಸೆಯಿಂದ ನೋಡಹೋದದ್ದು ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಓದಿದ ಮೇಲೆಯೇ. ಶಾಸನ ಓದಿ ಅಲ್ಲ.

ಸಂಕಮ್ಮನ ಸಂಸಾರಕ್ಕೂ ಕತ್ತರಿ ಹಾಕಿ ಎನ್ನಲಾರೆ. ಮಹಾಸಂಚಿಕೆಗಳನ್ನಾದರೂ ಕೈಬಿಡಲಿ. ದೀಪಾವಳಿಯ ಹಾಲರವಿಯದೊಂದು ಬೇಕಾದರೆ ಇರಲಿ.