ಉಪಗ್ರಹದ ಕಿರಣಕ್ಕೆ ಗಡಿಯುಂಟೇ?

ಭೂಪಟದ ಮೇಲೆ ಮನುಷ್ಯನು ಎಳೆದ ಗೆರೆಗಳನ್ನು ಬಿಸಿಲಾಗಲಿ ಮಳೆಯಾಗಲಿ ಲೆಕ್ಕಿಸುವುದಿಲ್ಲ. ವಿದ್ಯುತ್ಕಾಂತ ತರಂಗಗಳೂ ಲೆಕ್ಕಿಸುವುದಿಲ್ಲ. ಹೀಗಿದ್ದರೂ ಒಂದು ಮನೆಯವರು ಯಾವ ಭಾಷೆಯ ದೂರದರ್ಶನ ವಾಹಿನಿಗಳನ್ನು ನೋಡಬೇಕೆಂಬುದು ಎಷ್ಟೋ ವೇಳೆ ಆ ಮನೆ ಯಾವ ರಾಜ್ಯದಲ್ಲಿದೆಯೆಂಬುದರ ಮೇಲೆ ನಿರ್ಧಾರವಾಗುತ್ತದೆ. ಇದು ನಿಸರ್ಗದ ನಿಯಮವೇ, ವ್ಯಾಪಾರದ ರೂಢಿಯೇ? ಈ ಪ್ರಶ್ನೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಕೇಳಲೇಬೇಕು.

ಇದನ್ನು ಪರಿಶೀಲಿಸಲು ಕೋಲಾರದ ಚಿನ್ನದ ಗಣಿಪ್ರದೇಶ ಹಾಗೂ ಬಂಗಾರಪೇಟೆಗಿಂತ ತಕ್ಕ ಸ್ಥಳವನ್ನು ಹುಡುಕುವುದು ಕಷ್ಟ. ಆಂಧ್ರ ಮತ್ತು ತಮಿಳುನಾಡುಗಳೆರಡರ ಗಡಿಯೂ ಇಲ್ಲಿಗೆ ಸಮೀಪ. ಗಣಿಯ ಕೆಲಸಕ್ಕೆಂದು ಬಂದ ತಮಿಳು ಹಾಗೂ ತೆಲುಗು ಕುಟುಂಬಗಳು ತಲೆಮಾರುಗಳಿಂದ ಇಲ್ಲಿ ನೆಲೆಸಿವೆ. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ತೆಲುಗುಗಳೆರಡೂ ಕೇಳಿಬರುತ್ತವೆ. ಪೇಟೆಯಲ್ಲಿ ಉರ್ದುವೂ ಸೇರುತ್ತದೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಆದರೆ ಜನ ಉಳಿದರು, ಅವರೊಡನೆ ಅವರ ಭಾಷೆಗಳೂ ಉಳಿದುವು. ಮನೆಯಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು, ಬೀದಿಯಲ್ಲಿ ಮೂರನೆಯದು ಎಂಬಂತೆ ಭಾಷೆಗಳನ್ನು ಬಳಸುವುದು ಇಲ್ಲಿನ ಮಕ್ಕಳಿಗೆ ಸಹಜವಾದ ಸಂಗತಿ.

ದೂರದಿಂದ ಬರುವುದನ್ನು ಬರಮಾಡಿಕೊಳ್ಳುವುದು ಈ ಊರಿಗೆ ಹೊಸತಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೊಮೀಟರು ತಂತಿಯಲ್ಲಿ ಹರಿದು ಈ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ದೀಪಗಳು ಹೊತ್ತಿಕೊಂಡದ್ದು 1905ರಲ್ಲಿ. 1965ರಲ್ಲಿ ಈ ಗಣಿಗಳ ಆಳದಲ್ಲಿಯೇ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ವಿಜ್ಞಾನಿಗಳು ಮೊದಲಿಗೆ ಪಡೆದರು. ನ್ಯೂಟ್ರಿನೊ ಭೂಮಿಯನ್ನೇ ತೂರಿಕೊಂಡು ಬರಬಲ್ಲುದು. ದೂರದರ್ಶನದ ತರಂಗಕ್ಕೆ ಆ ಶಕ್ತಿಯಿಲ್ಲ. ನಮ್ಮ ಸಮಸ್ಯೆಯ ಮೂಲ ಇರುವುದು ಇಲ್ಲಿಯೇ.

ದೂರದರ್ಶನ ಪ್ರಸಾರಕ್ಕೆ ಬಳಸುವ ತರಂಗಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಭೂಮಿಯಾದರೋ ಗುಂಡಗಿದೆ. ಆದ್ದರಿಂದ ಗೋಪುರದ ತುದಿಯಿಂದ ಹೊರಟ ತರಂಗವು ದಿಗಂತವನ್ನು ದಾಟಿದ ಮೇಲೆ ನೆಲವನ್ನು ಬಿಟ್ಟು ಮೇಲಕ್ಕೆ ಹೋಗಿಬಿಡುತ್ತದೆ. ಗೋಪುರದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೊ ದಿಗಂತದ ದೂರವು ಕಿಲೊಮೀಟರುಗಳಲ್ಲಿ ದೊರೆಯುತ್ತದೆ. 100 ಮೀಟರು ಎತ್ತರದ ಗೋಪುರಕ್ಕೆ ಇದು 41 ಕಿಲೊಮೀಟರು. ಮನೆಯ ಮೇಲೆ 10 ಮೀಟರು ಎತ್ತರದಲ್ಲಿ ಆಂಟೆನಾ ಕಟ್ಟಿದರೆ ಇನ್ನು 13 ಕಿಲೊಮೀಟರು ಸೇರುತ್ತದೆ. ಚಿನ್ನದ ಗಣಿಪ್ರದೇಶವು ಬೆಂಗಳೂರಿನಿಂದ ನೇರ ಗೆರೆಯಲ್ಲಿ ಸುಮಾರು 75 ಕಿಲೊಮೀಟರು, ಚೆನ್ನೈಯಿಂದ ಸುಮಾರು 220 ಕಿಲೊಮೀಟರು ದೂರದಲ್ಲಿದೆ. ಚೆನ್ನೈಯಲ್ಲಿ ದೂರದರ್ಶನ ಕೇಂದ್ರವು 1975ರಲ್ಲಿಯೂ ಬೆಂಗಳೂರಿನಲ್ಲಿ 1981ರಲ್ಲಿಯೂ ಆರಂಭವಾದರೂ, ಆ ಗೋಪುರಗಳ ತರಂಗಗಳನ್ನು ನೆಚ್ಚಿಕೊಂಡು ಇಲ್ಲಿಯವರು ಎರಡು ರಾಜ್ಯಗಳ ಕಾರ್ಯಕ್ರಮಗಳನ್ನೂ ನೋಡುವುದು ಸುಲಭಸಾಧ್ಯವಾಗಿರಲಿಲ್ಲ. ದೂರ ಹೆಚ್ಚಿದಂತೆಲ್ಲ ಮರುಪ್ರಸಾರ ಗೋಪುರಗಳು ಬೇಕು; ಗೋಪುರವೊಂದೊಂದಕ್ಕೂ ಹಣ ಬೇಕು. ಆ ಕಾಲದಲ್ಲಿ ‘ಈ ಪ್ರದೇಶಕ್ಕೆ ಈ ಭಾಷೆ’ ಎಂಬ ನಿಯಮಕ್ಕೆ ಒಂದು ಭೌತಿಕ ಕಾರಣವಿತ್ತು.

ಉಪಗ್ರಹವು ಈ ಕಾರಣವನ್ನು ತೊಡೆದುಹಾಕಿತು. ಇದರ ಮೊದಲ ದೊಡ್ಡ ಪ್ರಯೋಗದಲ್ಲಿ ಕರ್ನಾಟಕಕ್ಕೂ ಪಾಲಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಬಿತ್ತರಿಸಲಾಯಿತು. ನಮ್ಮ ಉತ್ತರದ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೊಮೀಟರು ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ತಾನೂ ಸುತ್ತುವ ಉಪಗ್ರಹವು ನಮ್ಮ ಕಣ್ಣಿಗೆ ಆಕಾಶದಲ್ಲಿ ನಿಂತಂತೆಯೇ ತೋರುತ್ತದೆ. ದೂರದರ್ಶನ ಸಂಸ್ಥೆಯ ಉಚಿತ ಸೇವೆಯ ವಾಹಿನಿಗಳನ್ನು ಬಿತ್ತರಿಸುವ ಜಿಸ್ಯಾಟ್-15 ಉಪಗ್ರಹವು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಚಿನ್ನದ ಗಣಿಪ್ರದೇಶದಲ್ಲಿ ನಿಂತು ನೋಡುವವನಿಗೆ ಅದು ಆಗ್ನೇಯ ದಿಕ್ಕಿನಲ್ಲಿ, ನೆಲಮಟ್ಟದಿಂದ ಸುಮಾರು 67 ಡಿಗ್ರಿ ಮೇಲಿರುತ್ತದೆ. ಅಷ್ಟು ಎತ್ತರದಿಂದ ನೋಡಿದರೆ ಬೆಂಗಳೂರೂ ಚೆನ್ನೈಯೂ ಕಾಸರಗೋಡೂ ಅಕ್ಕಪಕ್ಕದ ಮನೆಗಳಷ್ಟೇ. ಅಡ್ಡ ಬರುವ ಬೆಟ್ಟವಿಲ್ಲ, ದಿಗಂತದ ತೊಡಕಿಲ್ಲ. ಜೋರು ಮಳೆಯ ಹೊತ್ತಿನಲ್ಲಿ ಹನಿಗಳು ತರಂಗವನ್ನು ಹೀರಿಕೊಂಡು ಚಿತ್ರ ಕೆಲಕಾಲ ಮಾಯವಾಗಬಹುದು. ಆದರೆ ಆ ಕಷ್ಟ ಎಲ್ಲ ಭಾಷೆಗಳಿಗೂ ಒಂದೇ.

ವಾಚಕರು ಮುಖ್ಯವಾಗಿ ಗಮನಿಸಬೇಕಾದ ಅಂಶ ಮುಂದಿನದು. ದೇಶವನ್ನೆಲ್ಲ ಆವರಿಸುವ ಒಂದು ಕಿರಣದಲ್ಲಿ ತಮಿಳು ವಾಹಿನಿಯೊಂದನ್ನು ಕಳುಹಿಸಿದಾಗ, ಅದು ಮಧುರೆಯನ್ನು ಮುಟ್ಟುವಂತೆಯೇ ಮಾರಿಕುಪ್ಪವನ್ನೂ ಮುಟ್ಟುತ್ತದೆ. ಮಾರಿಕುಪ್ಪಕ್ಕೆಂದು ಉಪಗ್ರಹವು ಒಂದು ವ್ಯಾಟಿನಷ್ಟೂ ಹೆಚ್ಚಿನ ಶಕ್ತಿಯನ್ನು ವ್ಯಯಮಾಡಬೇಕಾಗಿಲ್ಲ. ಕನ್ನಡ ವಾಹಿನಿಯೂ ಹಾಗೆಯೇ ಕಾಸರಗೋಡು, ಹೊಸೂರುಗಳ ಅಂಗಳದಲ್ಲಿ ಸುರಿಯುತ್ತಲೇ ಇರುತ್ತದೆ. ತರಂಗವು ಮನೆಯ ತಟ್ಟೆಯ ಆಂಟೆನಾವನ್ನು ಆಗಲೇ ಮುಟ್ಟಿರುವಾಗ, ಅದನ್ನು ತೆರೆಯುವುದೂ ಮುಚ್ಚಿಡುವುದೂ ಪೆಟ್ಟಿಗೆಯೊಳಗಿನ ಬೀಗದ ಸಂಖ್ಯೆಯೊಂದರ ಕೆಲಸ ಮಾತ್ರ.

ಅಮೆರಿಕದಲ್ಲಿ ಈ ಬೀಗವನ್ನು ಕಾನೂನೇ ಹಾಕಿದೆ. ಸ್ಥಳೀಯ ನಿಲಯದ ತರಂಗ ತಲುಪದ ಮನೆಗಳಿಗೆ ಮಾತ್ರ ದೂರದ ನಿಲಯದ ಜಾಲ ಕಾರ್ಯಕ್ರಮಗಳನ್ನು ಉಪಗ್ರಹದಿಂದ ಕೊಡಬಹುದೆಂದು 1988ರ ಶಾಸನ ವಿಧಿಸಿತು. ಆಯಾ ಪ್ರದೇಶದ ನಿಲಯಗಳನ್ನು ಆಯಾ ಪ್ರದೇಶಕ್ಕೆ ಉಪಗ್ರಹದಿಂದಲೇ ಕೊಡಲು 1999ರ ಶಾಸನ ಅವಕಾಶವಿತ್ತಿತು. ಸ್ಥಳೀಯ ನಿಲಯಗಳು ಜಾಹೀರಾತಿನ ಆದಾಯವಿಲ್ಲದೆ ಸೊರಗಬಾರದೆಂಬುದು ಅದರ ಹಿಂದಿನ ವಾದ. ನಮ್ಮಲ್ಲಿ ಅಂಥ ಬೇಲಿಯಿಲ್ಲ. 2017ರಲ್ಲಿ ಪ್ರಕಟವಾಗಿ 2019ರಲ್ಲಿ ಜಾರಿಗೆ ಬಂದ ನಿಯಂತ್ರಣ ಪ್ರಾಧಿಕಾರದ ವಿಧಿಗಳ ಪ್ರಕಾರ, ಗ್ರಾಹಕನು ಯಾವ ವಾಹಿನಿಯನ್ನಾದರೂ ಬಿಡಿಯಾಗಿ ಆರಿಸಿಕೊಳ್ಳಬಹುದು.

ಹಾಗಾದರೆ ತೊಡಕೆಲ್ಲಿ? ಆಚರಣೆಯಲ್ಲಿ ಜನ ಕೊಳ್ಳುವುದು ಬಿಡಿ ವಾಹಿನಿಗಳನ್ನಲ್ಲ, ಸಿದ್ಧವಾದ ಪ್ಯಾಕುಗಳನ್ನು. ಇವುಗಳನ್ನು ಸಾಮಾನ್ಯವಾಗಿ ಒಂದೊಂದು ರಾಜ್ಯವನ್ನೋ ಭಾಷೆಯನ್ನೋ ಮನಸ್ಸಿನಲ್ಲಿಟ್ಟು ಕಟ್ಟಲಾಗುತ್ತದೆ. ಒಂದು ರಾಜ್ಯಕ್ಕೆ ಒಂದೇ ಭಾಷೆ ಎಂಬ ಊಹೆ ಅದರಲ್ಲಿ ಅಡಗಿದೆ. ಮಂಡ್ಯಕ್ಕೆ ಈ ಊಹೆ ಒಪ್ಪೀತು, ಬಂಗಾರಪೇಟೆಗೆ ಒಪ್ಪದು. ಇಲ್ಲಿನ ಮನೆಯೊಂದು ಮೂರು ಭಾಷೆಗಳನ್ನು ಬಯಸಿದರೆ ಒಂದರ ಮೇಲೊಂದು ತೆರಬೇಕಾಗುತ್ತದೆ. ಹಣವಿಲ್ಲದವರು ಒಂದನ್ನು ಬಿಡಬೇಕಾಗುತ್ತದೆ. ಬಿಡುವುದು ಯಾವುದನ್ನು? ತಾಯಿಯ ಭಾಷೆಯನ್ನೇ, ಮಗುವಿನ ಶಾಲೆಯ ಭಾಷೆಯನ್ನೇ? ಇಂಥ ಆಯ್ಕೆಯನ್ನು ಬಡವನ ಮುಂದಿಡುವುದು ನ್ಯಾಯವಲ್ಲ.

ಹೊರರಾಜ್ಯದ ವಾಹಿನಿಗಳು ಸುಲಭವಾಗಿ ದೊರೆತರೆ ಗಡಿನಾಡಿನಲ್ಲಿ ಕನ್ನಡ ಸೊರಗದೇ ಎಂದು ಕೆಲವರು ಆಕ್ಷೇಪಿಸಬಹುದು. ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಬಾಗಿಲು ಮುಚ್ಚುವುದರಿಂದ ಭಾಷೆ ಬೆಳೆಯಲಾರದು. ತಮಿಳು ಮನೆಯ ಮಗುವಿಗೆ ತಮಿಳನ್ನು ಕಸಿದುಕೊಂಡು ಕನ್ನಡ ಕಲಿಸುತ್ತೇವೆನ್ನುವವರು, ಕಾಸರಗೋಡಿನ ಕನ್ನಡ ಮಗುವಿನ ಪರವಾಗಿ ಯಾವ ಮುಖದಿಂದ ವಾದಿಸಿಯಾರು? ನಮಗೆ ಅಲ್ಲಿ ಬೇಕಾದ ನ್ಯಾಯವನ್ನು ನಾವು ಇಲ್ಲಿ ಕೊಡಬೇಕು.

ಆದ್ದರಿಂದ ನನ್ನ ಸಲಹೆ ಇಷ್ಟೆ. ಗಡಿ ತಾಲ್ಲೂಕುಗಳಲ್ಲಿ ಮೂಲ ಪ್ಯಾಕಿನೊಳಗೆ ರಾಜ್ಯಭಾಷೆಯ ಕೆಲವು ವಾಹಿನಿಗಳು ಇದ್ದೇ ಇರಲಿ. ಅದೇ ಬೆಲೆಗೆ ಮನೆಮಾತಿನ ಕೆಲವನ್ನು ಗ್ರಾಹಕನೇ ಆರಿಸಲಿ. ಉಚಿತ ಸೇವೆಯಲ್ಲಿ ಖಾಸಗಿ ವಾಹಿನಿಗಳಿಗೆ ಸ್ಥಾನಗಳನ್ನು ಹರಾಜಿನ ಮೂಲಕ ಹಂಚಲಾಗುತ್ತದೆ. ಕಿರಣದ ಸಾಮರ್ಥ್ಯಕ್ಕೆ ಮಿತಿಯಿರುವುದರಿಂದ ಹರಾಜು ಅನಿವಾರ್ಯವೆನ್ನೋಣ. ಆದರೆ ದೊಡ್ಡ ಮಾರುಕಟ್ಟೆಯ ಭಾಷೆಯನ್ನೂ ಚಿಕ್ಕ ಮಾರುಕಟ್ಟೆಯ ಭಾಷೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸಾರ್ವಜನಿಕ ಕಿರಣದಲ್ಲಿ ಪ್ರತಿ ಭಾಷೆಗೂ ಕಾದಿರಿಸಿದ ಪಾಲಿರಬೇಕು.

ಇನ್ನೊಂದು ಮಾತನ್ನು ಮರೆಯಲಾಗದು. ದೂರದ ಊರುಗಳ ಸುದ್ದಿ ಆಕಾಶದಿಂದ ಸುರಿಯುತ್ತಿರುವಾಗ, ತನ್ನದೇ ಊರಿನ ನೀರು, ರೈಲು, ಗಣಿಯ ತ್ಯಾಜ್ಯದ ಗುಡ್ಡಗಳಿಂದೇಳುವ ಧೂಳು ಇವುಗಳ ಸುದ್ದಿ ಬಂಗಾರಪೇಟೆಯವನಿಗೆ ಎಲ್ಲಿಂದ ದೊರೆಯಬೇಕು? ಒಂದು ತಾಲ್ಲೂಕಿನ ಸುದ್ದಿಯನ್ನು ದೇಶವನ್ನೆಲ್ಲ ಮುಚ್ಚುವ ಕಿರಣದಲ್ಲಿ ಕಳುಹಿಸುವುದು, ಒಂದು ಗಿಡಕ್ಕೆ ನೀರೆರೆಯಲು ಕೆರೆಯ ಕೋಡಿಯನ್ನೇ ಒಡೆದಂತೆ. 2018ರಲ್ಲಿ ಹಾರಿದ ಜಿಸ್ಯಾಟ್-11ರಂತೆ ಹಲವು ಕಿರಿಯ ಕಿರಣಗಳನ್ನು ಬೀರುವ ಉಪಗ್ರಹಗಳಿದ್ದರೂ, ಅಂಥ ಕಿರಣವೊಂದು ಸಹ ಹಲವಾರು ಜಿಲ್ಲೆಗಳಷ್ಟು ವಿಶಾಲ. ಈ ಕಾರ್ಯಕ್ಕೆ ನೆಲದ ಮೇಲಿನ ಕೇಬಲ್ ಜಾಲ ಮತ್ತು ಸಮುದಾಯ ಬಾನುಲಿಗಳೇ ಸರಿಯಾದ ಸಾಧನ. ದೂರದ್ದು ಆಕಾಶದಿಂದ ಬರಲಿ, ಹತ್ತಿರದ್ದು ನೆಲದಿಂದ ಬರಲಿ.

ವಿಜ್ಞಾನವು ದೂರವೆಂಬ ಅಡ್ಡಿಯನ್ನು ನಿವಾರಿಸಿ ತನ್ನ ಪಾಲಿನ ಕಾರ್ಯವನ್ನು ಮುಗಿಸಿದೆ. ಯಾವ ತೊಡಕು ನಿಸರ್ಗದ್ದು, ಯಾವುದು ಮನುಷ್ಯನದು ಎಂಬುದನ್ನು ಬೇರ್ಪಡಿಸಿ ನೋಡಲು ನಾಳಿನ ನಾಗರಿಕರಾದ ವಿದ್ಯಾರ್ಥಿಗಳು ಕಲಿಯಬೇಕು. ನಿಸರ್ಗದ ತೊಡಕಿಗೆ ಸಂಶೋಧನೆಯೇ ಮದ್ದು. ಮನುಷ್ಯನದಕ್ಕೆ ಮದ್ದು, ಪ್ರಶ್ನೆಯನ್ನು ಧೈರ್ಯವಾಗಿ ಕೇಳುವುದು.